ಓದಿ ಅಂಗೀಕರಿಸಲಾಯಿತು

ನಮ್ಮೂರಿನ ಯುವಕ ಸಂಘದಲ್ಲಿ ನಾನು ಮೂರು ವರ್ಷ ಜೊತೆ ಕಾರ್ಯದರ್ಶಿಯಾಗಿದ್ದೆ. ಜೊತೆ ಕಾರ್ಯದರ್ಶಿ ಎಂದರೆ ದೊಡ್ಡ ಪದವಿಯೇನಲ್ಲ. ಸಭೆಗೆ ಮೊದಲು ಕುರ್ಚಿ ಹಾಕುವುದು, ಸಭೆ ಮುಗಿದ ಮೇಲೆ ಎತ್ತಿಡುವುದು, ನಡುವೆ ನಡಾವಳಿ ಪುಸ್ತಕ ಓದುವುದು, ಇಷ್ಟೇ. ರಟ್ಟಿನ ಹೊದಿಕೆಯ ಆ ಉದ್ದನೆಯ ಪುಸ್ತಕದಲ್ಲಿ ಪ್ರತಿಯೊಂದು ಸಭೆಯ ಮೊದಲ ವಾಕ್ಯವೂ ಒಂದೇ ಆಗಿರುತ್ತಿತ್ತು: 'ಹಿಂದಿನ ಸಭೆಯ ನಡಾವಳಿಯನ್ನು ಓದಿ ಅಂಗೀಕರಿಸಲಾಯಿತು.' ಈ ವಾಕ್ಯವನ್ನು ಬರೆಯುವ ಹಕ್ಕು ಬರಬೇಕಾದರೆ ನಾನು ಎದ್ದು ನಿಂತು ಹಿಂದಿನ ಸಭೆಯ ಮೂರು ನಾಲ್ಕು ಪುಟಗಳನ್ನು ಗಟ್ಟಿಯಾಗಿ ಓದಬೇಕಿತ್ತು. ಇಪ್ಪತ್ತು ಜನ ಆಕಳಿಸುತ್ತ ಕೇಳುತ್ತಿದ್ದರು. ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಹಿರಿಯರೊಬ್ಬರಂತೂ ಕಣ್ಣು ಮುಚ್ಚಿ ನಿದ್ದೆಯ ಹೊಸ್ತಿಲಲ್ಲಿ ಕುಳಿತಿರುತ್ತಿದ್ದರು. ಆದರೆ ನಾನು 'ಸದಸ್ಯರಿಗೆ ಕಾಫಿ ನೀಡಲಾಯಿತು' ಎಂದು ಓದಿದ ಕೂಡಲೇ ಕಣ್ಣು ತೆರೆಯದೆಯೇ 'ಚಾ' ಎನ್ನುತ್ತಿದ್ದರು. ನಾನು ಕಾಫಿಯನ್ನು ಹೊಡೆದು ಹಾಕಿ ಚಾ ಎಂದು ಬರೆದು ಪಕ್ಕದಲ್ಲಿ ಸಣ್ಣ ಸಹಿ ಹಾಕುತ್ತಿದ್ದೆ.

ಆ ವಯಸ್ಸಿಗೆ ಇದೆಲ್ಲ ಬರಿಯ ಕಾಲಹರಣವೆಂದು ಕಾಣುತ್ತಿತ್ತು. ಬರೆದಿಟ್ಟದ್ದು ಪುಸ್ತಕದಲ್ಲಿ ಇದ್ದೇ ಇದೆ, ಬೇಕಾದವರು ತೆಗೆದು ನೋಡಿಕೊಳ್ಳಲಿ, ಎಲ್ಲರನ್ನೂ ಕೂರಿಸಿ ಓದುವುದೇಕೆ ಎಂದು ನಾನೊಮ್ಮೆ ವಾದಿಸಿದ್ದೂ ಉಂಟು. ಆ ವಾದವನ್ನು ಸಂಘದಲ್ಲಿ ಯಾರೂ ಒಪ್ಪಲಿಲ್ಲ. ಮುಂದೆ ನಲವತ್ತು ವರ್ಷದ ಮೇಲೆ ಅದೇ ವಾದವನ್ನು ಬೇರೊಂದು ಕಡೆ ಹೂಡಿದೆ. ಅಲ್ಲಿ ಎಲ್ಲರೂ ಒಪ್ಪಿದರು. ಒಪ್ಪಿದ್ದರಿಂದ ಆದದ್ದೇನು ಎಂಬುದೇ ಈ ಬರಹದ ವಿಷಯ.

ಕಾಲೇಜಿನ ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ, 2014ರಲ್ಲಿ, ನಾನು ಒಂದು ಜಾಲತಾಣದ ಕೆಲಸಕ್ಕೆ ಸೇರಿಕೊಂಡೆ. ಸಂಬಳವಿಲ್ಲದ ಕೆಲಸ. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಗಿ, ಅಲ್ಲಿ ಅರಳಿಕಟ್ಟೆ ಎಂಬ ಚರ್ಚೆಯ ಪುಟವೂ ಆಗಿ, ಒಬ್ಬರ ಮುಖ ಒಬ್ಬರು ಕಾಣದ ಜನ ಕೂಡಿ ಬರೆಯುತ್ತಿದ್ದುದನ್ನು ಕಂಡು, ನಾವೂ ಹಾಗೆ ಏನಾದರೂ ಮಾಡಬಹುದೆಂಬ ಧೈರ್ಯ ಹಲವರಿಗೆ ಬಂದಿತ್ತು. ಅವರು ಬಳಸುವ ಮೀಡಿಯಾವಿಕಿ ಎಂಬ ತಂತ್ರಾಂಶ ಯಾರಿಗಾದರೂ ಬಿಟ್ಟಿ ಸಿಗುತ್ತದೆ. ಅದನ್ನೇ ಹಾಕಿಕೊಂಡು ಶುರುವಾದ ಸಣ್ಣ ತಾಣ ನಮ್ಮದು. ಊರಿನ ಕೆರೆ, ಜಾತ್ರೆ, ಬೆಳೆ, ಮಾತು ಇವುಗಳ ಬಗ್ಗೆ ಆಯಾ ಊರಿನವರೇ ಬರೆಯಬೇಕು ಎಂಬುದು ಅದರ ಉದ್ದೇಶ. ತಾಣದ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಮುಂದೆ ಹೇಳಲಿರುವ ತಪ್ಪು ನನ್ನದು.

ಬರೆಯುವವರು ತಾವಾಗಿ ಬರುವುದಿಲ್ಲವಷ್ಟೆ. ಅದಕ್ಕಾಗಿ ಕಮ್ಮಟಗಳನ್ನು ನಡೆಸುತ್ತಿದ್ದೆವು. ಯಾವುದಾದರೂ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಇಪ್ಪತ್ತು ಮೂವತ್ತು ಹುಡುಗ ಹುಡುಗಿಯರನ್ನು ಕೂರಿಸಿ, ಕನ್ನಡದಲ್ಲಿ ಟೈಪು ಮಾಡುವುದನ್ನು ಕಲಿಸಿ, ಅವರವರ ಊರಿನ ಬಗ್ಗೆ ಒಂದೊಂದು ಪುಟ ಬರೆಸುವುದು. ಮಧ್ಯಾಹ್ನ ಚಿತ್ರಾನ್ನ, ಸಂಜೆ ಗುಂಪಿನ ಫೋಟೋ. ಆಮೇಲೆ ಅಲ್ಲಿಯ ಮೇಷ್ಟ್ರೊಬ್ಬರು ವರದಿ ಬರೆದು ತಾಣಕ್ಕೆ ಸೇರಿಸುವುದು. ತಾಣದಲ್ಲಿ 'ಕಮ್ಮಟಗಳು' ಎಂಬ ಒಂದು ಪುಟ ಇತ್ತು. ಅದರಲ್ಲಿ ವರ್ಷವಾರು ಪಟ್ಟಿ: ತಾರೀಖು, ಊರು, ನಡೆಸಿದವರು, ಕೊನೆಯ ಕಲಮಿನಲ್ಲಿ ವರದಿಗೆ ಕೊಂಡಿ. ಕೊಂಡಿ ಒತ್ತಿದರೆ ವರದಿ ತೆರೆದುಕೊಳ್ಳುತ್ತದೆ. ಕೊಂಡಿ ಇಲ್ಲದಿದ್ದರೆ ವರದಿ ಎಲ್ಲೋ ಒಂದು ಕಡೆ ಇದ್ದೂ ಇಲ್ಲದಂತೆ. ಅಟ್ಟದ ಮೇಲಿಟ್ಟು ಮರೆತ ಪೆಟ್ಟಿಗೆಯಂತೆ ಎನ್ನಿ.

ಈ ಕೊಂಡಿಗಳನ್ನು ಹಾಕುತ್ತಿದ್ದವರು ಕರಾವಳಿಯ ಒಬ್ಬ ನಿವೃತ್ತ ಪೋಸ್ಟ್‌ಮಾಸ್ಟರು. ನಾವೆಲ್ಲ ಅವರನ್ನು ಹಾಗೆಯೇ ಕರೆಯುತ್ತಿದ್ದೆವು. ವರದಿ ಬಂದ ಸುದ್ದಿ ತಿಳಿದರೆ ಅವರು ಅದನ್ನು ತೆರೆದು ಮೊದಲಿಂದ ಕೊನೆಯವರೆಗೆ ಓದುತ್ತಿದ್ದರು. ಅಕ್ಷರದ ತಪ್ಪು ಕಂಡರೆ ತಿದ್ದುತ್ತಿದ್ದರು. ಆಮೇಲೆ ಪಟ್ಟಿಗೆ ಕೊಂಡಿ ಹಾಕಿ, ವರದಿಯ ಚರ್ಚೆಯ ಪುಟದಲ್ಲಿ ಒಂದೆರಡು ಸಾಲು ಬರೆಯುತ್ತಿದ್ದರು. 'ಓದಿದೆ. ಹಲಸಿನ ತಳಿಗಳ ಬಗ್ಗೆ ಬರೆದ ಹುಡುಗ ಇನ್ನೂ ಬರೆಯಲಿ.' 'ಓದಿದೆ. ಕರೆಂಟು ಹೋದರೂ ಕಾದು ಕುಳಿತದ್ದು ದೊಡ್ಡದು.' ಕಾರ್ಡಿನ ಮೇಲೆ ಬರೆದಂತೆ ಚುಟುಕಾಗಿ. ಓದಿದೆ ಎಂಬುದು ಮಾತ್ರ ಪ್ರತಿಯೊಂದರಲ್ಲೂ ಇರುತ್ತಿತ್ತು.

ಇಷ್ಟು ಹೇಳಿದರೆ ಓದುಗರು ಪೋಸ್ಟ್‌ಮಾಸ್ಟರರ ಪರವಾಗಿ ಆಗಲೇ ತೀರ್ಪು ಕೊಟ್ಟುಬಿಟ್ಟಾರು. ಸ್ವಲ್ಪ ತಡೆಯಬೇಕು. ಅವರಿಗೆ ಸುದ್ದಿ ತಿಳಿದರೆ ಎಂದೆನಲ್ಲ, ತೊಡಕು ಇದ್ದದ್ದು ಅಲ್ಲಿಯೇ. ಪರಿಚಯದವರು ಫೋನು ಮಾಡಿದರೆ ಸುದ್ದಿ ಅಂದೇ ತಿಳಿಯುತ್ತಿತ್ತು. ಮಂಗಳೂರು, ಉಡುಪಿ, ಮೈಸೂರು, ಬೆಂಗಳೂರಿನ ಕಮ್ಮಟಗಳ ವರದಿಗೆ ಮರುದಿನವೇ ಕೊಂಡಿ ಬೀಳುತ್ತಿತ್ತು. ದೂರದವರದ್ದಕ್ಕೆ ತಿಂಗಳುಗಟ್ಟಲೆ ಇಲ್ಲ. ಇದರಲ್ಲಿ ಕೆಟ್ಟ ಬುದ್ಧಿಯೇನೂ ಇರಲಿಲ್ಲ. ನಮ್ಮ ಸಮಾಜದಲ್ಲಿ ಅನ್ಯಾಯದ ಬಹುಭಾಗ ನಡೆಯುವುದು ಕೆಟ್ಟ ಬುದ್ಧಿಯಿಂದಲ್ಲ, ಪರಿಚಯದಿಂದ.

2016ರಲ್ಲಿ ಒಂದು ದಿನ ಬಯಲುಸೀಮೆಯ ತಾಲ್ಲೂಕು ಊರೊಂದರಿಂದ ಅಧ್ಯಾಪಕಿಯೊಬ್ಬರು ನನಗೆ ಫೋನು ಮಾಡಿದರು. ಅವರ ಕಾಲೇಜಿನಲ್ಲಿ ಎರಡು ಕಮ್ಮಟ ನಡೆದಿದ್ದವು, ಎರಡಕ್ಕೂ ವರದಿ ಬರೆದಿದ್ದರು, ಒಂದಕ್ಕೂ ಕೊಂಡಿ ಬಂದಿರಲಿಲ್ಲ. ಆ ವರ್ಷದ ಪಟ್ಟಿಯನ್ನು ನೋಡಿದರೆ ಅವರ ಜಿಲ್ಲೆಯೇ ಅದರಲ್ಲಿ ಇರಲಿಲ್ಲ. 'ನಾವೇನು ಕರ್ನಾಟಕದಾಗ ಇಲ್ಲೇನ್ರೀ ಸರ?' ಎಂದು ಕೇಳಿದರು. ನಗುತ್ತಲೇ ಕೇಳಿದರು, ಆದರೆ ಅದು ನಗುವ ಮಾತಾಗಿರಲಿಲ್ಲ. ನಾನು ಪೋಸ್ಟ್‌ಮಾಸ್ಟರರಿಗೆ ತಿಳಿಸಿದೆ. ಅವರಿಗೆ ನಿಜವಾಗಿ ನೋವಾಯಿತು. 'ಯಾರೂ ಹೇಳ್ಲಿಲ್ಲ ಮಾರಾಯ್ರೆ, ಹೇಳಿದ್ದರೆ ಹಾಕ್ತಿದ್ದೆ' ಎಂದರು. ಕೇಳಿದವರಿಗೆ ಮಾತ್ರ ಸಿಗುವುದು ಹಕ್ಕಲ್ಲ, ದಾಕ್ಷಿಣ್ಯ ಎಂದು ನಾನು ಒಂದು ಪುಟ್ಟ ಭಾಷಣ ಮಾಡಿದೆ. ಆ ಮಾತು ಈಗಲೂ ಸರಿಯೆಂದೇ ನನ್ನ ನಂಬಿಕೆ.

ಹೀಗೆ ಆ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಯೋಚನೆ ಬಂತು. ಅದು ಕಷ್ಟದ್ದೇನಲ್ಲ. ಮೀಡಿಯಾವಿಕಿಯಲ್ಲಿ ಇಲ್ಲದ ಪುಟಕ್ಕೆ ಕೊಂಡಿ ಕೊಟ್ಟರೆ ಅದು ಕೆಂಪಗೆ ಕಾಣುತ್ತದೆ, ಇರುವ ಪುಟಕ್ಕೆ ಕೊಟ್ಟರೆ ನೀಲಿಯಾಗಿ. ಎಂದರೆ ಒಂದು ಹೆಸರಿನ ಪುಟ ಇದೆಯೋ ಇಲ್ಲವೋ ಎಂದು ಅದಕ್ಕೆ ಸದಾ ಗೊತ್ತು. ಇದ್ದರೆ ಹೀಗೆ ತೋರಿಸು, ಇಲ್ಲದಿದ್ದರೆ ಹಾಗೆ ತೋರಿಸು ಎಂದು ಟೆಂಪ್ಲೇಟಿನಲ್ಲಿ ಹೇಳಿಡಲೂ ಬರುತ್ತದೆ. ನಾವು ಮಾಡಿದ್ದು ಎರಡೇ ಕೆಲಸ. ವರದಿಯ ಪುಟಕ್ಕೆ ಇಂಥದೇ ಹೆಸರಿಡಬೇಕೆಂದು ನಿಯಮ ಮಾಡಿದೆವು: ಕಮ್ಮಟ, ಗೀಟು, ವರ್ಷ, ಗೀಟು, ಊರು, ಗೀಟು, ವರದಿ. ಮತ್ತೆ, ದಿನಾ ನಡುರಾತ್ರಿ ಆ ಬಗೆಯ ಹೆಸರಿನ ಪುಟಗಳನ್ನೆಲ್ಲ ಹುಡುಕಿ ಪಟ್ಟಿಗೆ ಸೇರಿಸುವ ಒಂದು ಸಣ್ಣ ಪ್ರೋಗ್ರಾಮನ್ನು ನಮ್ಮಲ್ಲಿಯ ಎಂಜಿನಿಯರ್ ಹುಡುಗನೊಬ್ಬ ಬರೆದುಕೊಟ್ಟ. ಇಂಥ ಪ್ರೋಗ್ರಾಮಿಗೆ ಬಾಟ್ ಎನ್ನುತ್ತಾರೆ. 2017ರ ಜನವರಿಯಲ್ಲಿ ಅದು ಓಡತೊಡಗಿತು. ಮೊದಲ ರಾತ್ರಿಯೇ ಬಿಟ್ಟುಹೋಗಿದ್ದ ಹದಿನಾಲ್ಕು ವರದಿಗಳಿಗೆ ಕೊಂಡಿ ಬಿತ್ತು. ಬೆಳಿಗ್ಗೆ ಎದ್ದು ನೋಡಿದಾಗ ಬೀದರಿನಿಂದ ಚಾಮರಾಜನಗರದವರೆಗೆ ಊರುಗಳು ಒಂದೇ ಸಾಲಿನಲ್ಲಿ, ಒಂದೇ ಗಾತ್ರದ ಅಕ್ಷರದಲ್ಲಿ ಕುಳಿತಿದ್ದವು. ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ.

ಪೋಸ್ಟ್‌ಮಾಸ್ಟರರಿಗೆ ಅಸಮಾಧಾನವಾದೀತೆಂದು ಮೊದಲೇ ಅವರನ್ನು ಕೇಳಿದ್ದೆ. ಅವರು ಪಿನ್‌ಕೋಡಿನ ಕಥೆ ಹೇಳಿದರು. 1972ರ ಆಗಸ್ಟ್ 15ರಂದು ಅದು ಬಂದಾಗ ಅವರಿನ್ನೂ ಎಳೆಯ ಗುಮಾಸ್ತರು. ಅದಕ್ಕೆ ಮೊದಲು ವಿಳಾಸ ಓದುವುದೆಂದರೆ ವಿದ್ಯೆ. ಒಂದೇ ಹೆಸರಿನ ಹತ್ತು ಊರುಗಳು, ಬೇರೆ ಬೇರೆ ಲಿಪಿಗಳು, ಯಾರದೋ ಅಂಗಡಿಯ ಹಿಂದೆ ಎಂಬಂಥ ಗುರುತುಗಳು. ಆರು ಅಂಕಿ ಬಂದದ್ದೇ, 5 ಎಂದರೆ ಕರ್ನಾಟಕ, ಆಂಧ್ರದ ಕಡೆಯ ವಲಯ, 56ರಿಂದ 59ರವರೆಗೆ ಎಂದರೆ ಕರ್ನಾಟಕ ಎಂದು, ಕನ್ನಡ ಬಾರದವನೂ ಚೀಲಕ್ಕೆ ಸರಿಯಾಗಿ ಹಾಕಬಹುದಾಯಿತು. 'ಒಳ್ಳೇದೇ ಆಯ್ತು. ಬಡವನ ಕಾಗದವೂ ಸಾಹುಕಾರನ ಕಾಗದವೂ ಅಂಕಿಗೆ ಒಂದೇ. ನೀವೂ ಮಾಡಿ ಮಾರಾಯ್ರೆ, ನನ್ನ ಕಣ್ಣೂ ಮೊದಲಿನ ಹಾಗಿಲ್ಲ' ಎಂದರು. ಆಮೇಲೆ, ಹೇಳಬೇಕೋ ಬೇಡವೋ ಎಂಬಂತೆ, 'ಒಂದು ಕೇಳ್ತೇನೆ. ಇನ್ನು ಅದನ್ನು ಓದುವವರು ಯಾರು?' ಎಂದರು.

'ಎಲ್ಲರೂ ಓದಬಹುದಲ್ಲ ಸಾರ್' ಎಂದೆ.

'ಎಲ್ಲರೂ ಅಂದ್ರೆ ಯಾರು?'

ಪ್ರಶ್ನೆ ನನಗೆ ಅರ್ಥವಾಗಲಿಲ್ಲ. ವಯಸ್ಸಾದವರ ಮಾತೆಂದು ನಕ್ಕುಬಿಟ್ಟೆ. ನನಗೂ ವಯಸ್ಸಾಗಿತ್ತು ಎಂಬುದು ಬೇರೆ ಮಾತು.

ಒಂದೂವರೆ ವರ್ಷ ಎಲ್ಲ ಸುಗಮವಾಗಿ ನಡೆಯಿತು. ಪಟ್ಟಿ ಬೆಳೆಯಿತು. ಪೋಸ್ಟ್‌ಮಾಸ್ಟರರು ಮೆಲ್ಲಗೆ ಹಿಂದೆ ಸರಿದರು. ಅವರನ್ನು ಯಾರೂ ಹೋಗೆನ್ನಲಿಲ್ಲ, ಆದರೆ ಮಾಡಲು ಕೆಲಸವಿಲ್ಲದ ಕಡೆ ಮನುಷ್ಯ ಎಷ್ಟು ದಿನ ಕೂತಾನು? 2018ರ ಜುಲೈನಲ್ಲಿ ಹುಬ್ಬಳ್ಳಿಯಲ್ಲಿ ನಾವೆಲ್ಲ ಸೇರಿದೆವು. ಶಾಲೆಯೊಂದರ ಸಭಾಂಗಣ. ನಾನು ವೇದಿಕೆ ಹತ್ತಿ, ಈಗ ಬಿಟ್ಟುಹೋದ ವರದಿ ಒಂದೂ ಇಲ್ಲವೆಂದು ಲೆಕ್ಕ ಒಪ್ಪಿಸಿದೆ. ಚಪ್ಪಾಳೆಯಾಯಿತು. ಊಟದ ಹೊತ್ತಿಗೆ, ಎರಡು ವರ್ಷದ ಹಿಂದೆ ಫೋನು ಮಾಡಿದ್ದ ಆ ಅಧ್ಯಾಪಕಿ ತಟ್ಟೆ ಹಿಡಿದುಕೊಂಡೇ ನನ್ನ ಹತ್ತಿರ ಬಂದರು. ಮುಖತಃ ಮೊದಲ ಭೇಟಿ. ಕುಶಲ ವಿಚಾರಿಸಿದ ಮೇಲೆ ಕೇಳಿದರು: 'ಸರ, ನಮ್ಮ ವರದಿ ಓದೀರೇನ್ರೀ?'

ಯಾವ ವರದಿ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಕೊಂಚ ಪ್ರಾಮಾಣಿಕನಾದರೂ ಆಗುತ್ತಿದ್ದೆ. 'ನೋಡಿದ್ದೇನೆ ಮೇಡಂ, ಕೊಂಡಿ ಬಂದಿದೆಯಲ್ಲ' ಎಂದೆ. ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿ, 'ಹೌದ್ರೀ, ಕೊಂಡಿ ಬಂದದ' ಎಂದು ಹೇಳಿ ಅನ್ನ ಬಡಿಸುವ ಕಡೆ ಹೋದರು.

ಆ ರಾತ್ರಿ ವಸತಿಯ ಕೋಣೆಯಲ್ಲಿ ಕುಳಿತು ಅವರ ವರದಿಯನ್ನು ತೆರೆದೆ. 2017ರ ಸೆಪ್ಟೆಂಬರಿನದು. ಅದು ಆ ಕಾಲೇಜಿನ ಮೂರನೆಯ ಕಮ್ಮಟ. ಮೊದಲ ಮೂರು ಪ್ಯಾರಾ ಎಲ್ಲ ವರದಿಗಳಂತೆಯೇ ಇದ್ದವು: ಪ್ರಾಚಾರ್ಯರ ಸ್ವಾಗತ, ಮೂವತ್ತೊಂದು ವಿದ್ಯಾರ್ಥಿಗಳು, ವಂದನಾರ್ಪಣೆ. ನಾಲ್ಕನೆಯದು ಬೇರೆ ಧಾಟಿಯದು. ಆ ದಿನ ಬರೆದ ಇಪ್ಪತ್ತಾರು ಪುಟಗಳಲ್ಲಿ ಹತ್ತೊಂಬತ್ತನ್ನು ಒಂದು ವಾರದೊಳಗೆ ಅಳಿಸಿಹಾಕಲಾಗಿದೆ, ಕಾರಣ ಆಧಾರವಿಲ್ಲ ಎಂದು ಇದೆ, ಎಂದು ಬರೆದಿದ್ದರು. ಒಬ್ಬ ಹುಡುಗಿ ತನ್ನ ಊರಿನ ಕೆರೆಯ ಎರಡು ತೂಬುಗಳ ಹೆಸರು ಮತ್ತು ಯಾವ ತೂಬಿನ ನೀರು ಯಾವ ಹೊಲಕ್ಕೆ ಮೊದಲು ಹೋಗಬೇಕೆಂಬ ಹಳೆಯ ಪದ್ಧತಿಯನ್ನು ಬರೆದಿದ್ದಳು. ಹೇಳಿದ್ದು ಅವಳ ಅಜ್ಜಿ. ಅದು ಯಾವ ಪುಸ್ತಕದಲ್ಲೂ ಇಲ್ಲ. ಅಜ್ಜಿ ಹೇಳಿದ್ದು ಆಧಾರವಲ್ಲವೆ, ಅಲ್ಲದಿದ್ದರೆ ಇಂಥ ವಿಷಯಕ್ಕೆ ಆಧಾರ ಯಾವುದು, ಯಾರನ್ನು ಕೇಳಬೇಕು ಎಂದು ತಿಳಿಸಿದರೆ ಮುಂದಿನ ಕಮ್ಮಟ ಮಾಡುತ್ತೇವೆ. ಇಷ್ಟು ಬರೆದು ಕೆಳಗೆ ಹೆಸರು ಹಾಕಿದ್ದರು.

ವರದಿಯ ಚರ್ಚೆಯ ಪುಟ ಖಾಲಿಯಾಗಿತ್ತು. ಹತ್ತು ತಿಂಗಳಿಂದ ಖಾಲಿ. ವರದಿಗೆ ಕೊಂಡಿ ಬಿದ್ದ ಸಮಯವನ್ನು ಪಟ್ಟಿಯ ಇತಿಹಾಸದಲ್ಲಿ ನೋಡಿದೆ. ವರದಿ ಸೇರಿಸಿದ ದಿನವೇ, ರಾತ್ರಿ ಹನ್ನೆರಡು ಹೊಡೆದು ಒಂದು ನಿಮಿಷಕ್ಕೆ.

ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅವರನ್ನು ಹುಡುಕಿಕೊಂಡು ಹೋಗಿ, ನಿನ್ನೆ ಸುಳ್ಳು ಹೇಳಿದೆ, ರಾತ್ರಿ ಓದಿದೆ ಎಂದೆ. ಹತ್ತು ತಿಂಗಳಲ್ಲಿ ಒಂದು ಫೋನು ಮಾಡಬಾರದಿತ್ತೇ, ಹಿಂದೆ ಮಾಡಿದ್ದಿರಲ್ಲ ಎಂದೂ ಕೇಳಿದೆ. ಅವರು ಹೇಳಿದ್ದು ಇಂದಿಗೂ ಕಿವಿಯಲ್ಲಿದೆ. 'ಆವಾಗ ಕೊಂಡಿ ಇರಲಿಲ್ರೀ. ನೋಡಿಲ್ಲ ಅಂತ ಗೊತ್ತಿತ್ತು, ಜಗಳಾಡಿದ್ವಿ. ಈ ಸಲ ಮರುದಿನಾನs ಕೊಂಡಿ ಬಂತು. ಅಂದ್ರ ನೋಡ್ಯಾರ. ನೋಡಿ ಸುಮ್ಮನದಾರ ಅಂದ್ರ, ಅದs ಉತ್ತರ ಅಂತ ತಿಳ್ಕೊಂಡ್ವಿ.'

ನಾಲ್ಕನೆಯ ಕಮ್ಮಟ ನಡೆಯಲಿಲ್ಲ. ಆ ಹುಡುಗಿ ಬಿ.ಎ. ಮುಗಿಸಿ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋಗಿದ್ದಳು.

ಆಮೇಲೆ ಈ ವಿಷಯವನ್ನು ಎಷ್ಟೋ ಸಲ ಮನಸ್ಸಿನಲ್ಲಿ ತಿರುವಿ ಹಾಕಿದ್ದೇನೆ. ಕೊಂಡಿ ಎಂದರೆ ಏನು? ಹೈಪರ್‌ಟೆಕ್ಸ್ಟ್ ಎಂಬ ಮಾತನ್ನು 1960ರ ದಶಕದಲ್ಲಿ ಟಂಕಿಸಿದ ಅಮೆರಿಕದ ಟೆಡ್ ನೆಲ್ಸನ್‌ಗೆ ಕೊಂಡಿ ಎರಡೂ ತುದಿಯಿಂದ ಕಾಣಬೇಕೆಂಬ ಆಸೆಯಿತ್ತು. ನಾನು ನಿಮ್ಮ ಕಡೆ ಬೆರಳು ತೋರಿಸಿದರೆ ಅದು ನಿಮಗೂ ತಿಳಿಯಬೇಕು. 1989ರಲ್ಲಿ ಜಿನೀವಾದ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ವಿಶ್ವವ್ಯಾಪಿ ಜಾಲವನ್ನು ಯೋಚಿಸಿದಾಗ ಕೊಂಡಿಯನ್ನು ಒಂದೇ ದಿಕ್ಕಿನದಾಗಿ ಇಟ್ಟರು. ಯಾರ ಅಪ್ಪಣೆಯೂ ಬೇಡ, ಯಾರು ಯಾರ ಕಡೆಗೂ ಬೆರಳು ತೋರಿಸಬಹುದು. ಅದರಿಂದಲೇ ಜಾಲ ಅಷ್ಟು ಬೇಗ ಹಬ್ಬಿತು. ಮೀಡಿಯಾವಿಕಿಯಲ್ಲಿ ಮಾತ್ರ ಒಂದು ಪುಟಕ್ಕೆ ಎಲ್ಲೆಲ್ಲಿಂದ ಕೊಂಡಿ ಬಂದಿದೆ ಎಂದು ತಿಳಿಯುವ ಸೌಕರ್ಯವಿದೆ. ಆ ಅಧ್ಯಾಪಕಿ ನೋಡಿದ್ದು ಅದನ್ನೇ. ತಮ್ಮ ಕಡೆಗೆ ಚಾಚಿದ ಒಂದು ಬೆರಳು ಅವರಿಗೆ ಕಂಡಿತು. ಬೆರಳಿನ ಹಿಂದೆ ಒಂದು ಮುಖವಿದೆ ಎಂದು ಅವರು ನಂಬಿದರು. ಯಾರಾದರೂ ಹಾಗೆಯೇ ನಂಬುತ್ತಾರೆ, ಏಕೆಂದರೆ ಲೋಕದಲ್ಲಿ ಇಲ್ಲಿಯವರೆಗೆ ಬೆರಳುಗಳು ಬಂದದ್ದು ಮುಖದ ಜೊತೆಗೇ.

ನಾನು ಮಾಡಹೊರಟಿದ್ದು ಸಮದೃಷ್ಟಿಯ ಕೆಲಸ. ಆದರೆ ಸಮದೃಷ್ಟಿಯಲ್ಲಿ ಎರಡು ಬಗೆ. ಎಲ್ಲರನ್ನೂ ಸಮನಾಗಿ ನೋಡುವುದು ಒಂದು, ಯಾರನ್ನೂ ನೋಡದೆ ಸಮನಾಗಿಸುವುದು ಇನ್ನೊಂದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಪರೀಕ್ಷೆಯ ಮೌಲ್ಯಮಾಪನಕ್ಕೆ ಹೋಗುತ್ತಿದ್ದ ದಿನಗಳು ನೆನಪಾಗುತ್ತವೆ. ಉತ್ತರಪತ್ರಿಕೆಯ ಮೇಲಿನ ನೋಂದಣಿ ಸಂಖ್ಯೆಯನ್ನು ಹರಿದು ಬೇರೆ ಗುಟ್ಟಿನ ಸಂಖ್ಯೆ ಹಾಕಿರುತ್ತಿದ್ದರು. ಯಾರ ಪತ್ರಿಕೆ, ಯಾವ ಕಾಲೇಜಿನದು ನಮಗೆ ತಿಳಿಯುತ್ತಿರಲಿಲ್ಲ. ಅದು ನ್ಯಾಯ. ಆದರೆ ಉತ್ತರವನ್ನು ಓದಲೇಬೇಕಿತ್ತು. ಹೆಸರು ನೋಡಬಾರದು, ಬರೆದದ್ದನ್ನು ಓದಬೇಕು. ನಮ್ಮ ಬಾಟ್ ಮಾಡುತ್ತಿದ್ದುದು ಇದಕ್ಕೆ ತದ್ವಿರುದ್ಧ: ಅದು ಪುಟದ ಹೆಸರನ್ನು ಮಾತ್ರ ನೋಡುತ್ತಿತ್ತು, ಒಳಗೆ ಬರೆದದ್ದನ್ನು ಬಿಟ್ಟುಬಿಡುತ್ತಿತ್ತು. ಹೆಸರು ನಿಯಮದಂತಿದ್ದರೆ ಒಳಗೆ ಜಾತ್ರೆಯ ವರ್ಣನೆಯಿರಲಿ, ಯಾರಾದರೂ ಇದ್ದೀರಾ ಎಂಬ ಕೂಗಿರಲಿ, ಅದಕ್ಕೆ ಒಂದೇ. ಪೋಸ್ಟ್‌ಮಾಸ್ಟರರು ಹೆಸರು ನೋಡಿ ಆರಿಸುತ್ತಿದ್ದರು, ಆರಿಸಿದ್ದನ್ನು ಓದುತ್ತಿದ್ದರು. ನಾನು ಅವರ ಪಕ್ಷಪಾತವನ್ನು ಕಿತ್ತುಹಾಕುವಾಗ ಅದರ ಬೇರಿಗೆ ಸುತ್ತಿಕೊಂಡಿದ್ದ ಅಕ್ಕರೆಯನ್ನೂ ಕಿತ್ತೆ.

ಪಿನ್‌ಕೋಡಿನ ಹೋಲಿಕೆ ಎಲ್ಲಿ ತಪ್ಪುತ್ತದೆ ಎಂಬುದೂ ಆಗ ಹೊಳೆಯಿತು. ಅಂಚೆಯವನು ಕಾಗದವನ್ನು ಓದಬೇಕಾಗಿಲ್ಲ, ಓದಬಾರದು ಕೂಡ. ಮುಟ್ಟಬೇಕಾದ ಕೈಗೆ ಮುಟ್ಟಿಸಿದರೆ ಅವನ ಧರ್ಮ ಮುಗಿಯಿತು. ಆ ಕಾಗದಕ್ಕೆ ಕಾಯುವ ಒಬ್ಬರು ಇನ್ನೊಂದು ತುದಿಯಲ್ಲಿ ಇದ್ದಾರೆ. ನಮ್ಮ ವರದಿಗಳಿಗೆ ಆ ತುದಿಯಲ್ಲಿ ಇದ್ದವರು ಯಾರು? ಎಲ್ಲರೂ. ಎಲ್ಲರೂ ಅಂದ್ರೆ ಯಾರು ಎಂದು ಪೋಸ್ಟ್‌ಮಾಸ್ಟರರು ಕೇಳಿದ್ದು ಇದನ್ನೇ. ವಿಳಾಸದಲ್ಲಿ ಎಲ್ಲರಿಗೂ ಎಂದು ಬರೆದ ಕಾಗದವನ್ನು ಅವರ ಸರ್ವೀಸಿನಲ್ಲಿ ಅವರು ಯಾರಿಗೂ ಮುಟ್ಟಿಸಿರಲಾರರು.

ಬರೆದಿಟ್ಟದ್ದು ಸುಮ್ಮನೆ ಇರುವುದಕ್ಕೂ ಅದನ್ನು ಓದುವುದಕ್ಕೂ ಇರುವ ಅಂತರ ನಮ್ಮ ದೇಶದಲ್ಲಿ ಹೊಸದಾಗಿ ಕಂಡುಕೊಳ್ಳಬೇಕಾದ ಸಂಗತಿಯಲ್ಲ. ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರ ಡಿಸೆಂಬರಿನಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾನಾ ಎಂಬಲ್ಲಿ ತಮ್ಮ ಮೊದಲ ಜನಸುನವಾಯಿ ನಡೆಸಿದರು. ಮಾಡಿದ್ದು ದೊಡ್ಡದೇನಲ್ಲ. ಪಂಚಾಯಿತಿಯ ಕಾಮಗಾರಿಗಳ ಮಸ್ಟರ್ ರೋಲು, ಬಿಲ್ಲುಗಳನ್ನು ಊರವರ ಎದುರು ಗಟ್ಟಿಯಾಗಿ ಓದಿದ್ದು. ಕೆಲಸಕ್ಕೇ ಹೋಗದವರ ಹೆಸರು ಕೂಲಿ ಪಡೆದವರ ಪಟ್ಟಿಯಲ್ಲಿ ಇದ್ದದ್ದು ಇಂಥ ಸಭೆಗಳಲ್ಲಿ ಬಯಲಾಯಿತು. ಆ ಕಾಗದಗಳು ಕಚೇರಿಯಲ್ಲಿ ಮೊದಲೂ ಇದ್ದವು. ಸಾಲು ಸರಿಯಾಗಿ, ಮೊಹರು ಸಮೇತ ಇದ್ದವು. ಓದಿದಾಗ ಮಾತ್ರ ಅವು ಸುಳ್ಳೆಂದು ತಿಳಿಯಿತು. ಅಂಥ ಹೋರಾಟಗಳ ದಾರಿಯಲ್ಲಿಯೇ 2005ರ ಮಾಹಿತಿ ಹಕ್ಕು ಕಾಯ್ದೆ ಬಂತು. ಅದರ 4ನೆಯ ಸೆಕ್ಷನ್ ಪ್ರಕಾರ ಸರ್ಕಾರಿ ಕಚೇರಿಗಳು ಯಾರೂ ಕೇಳದಿದ್ದರೂ ತಮ್ಮ ವಿವರಗಳನ್ನು ಪ್ರಕಟಿಸಬೇಕು. ಪ್ರಕಟಿಸಬೇಕೆಂದು ಕಾಯ್ದೆ ಮಾಡಬಹುದು. ಓದಬೇಕೆಂದು ಮಾಡಲು ಬರುವುದಿಲ್ಲ.

ಹಾಗಾದರೆ ಯಂತ್ರ ಕೊಂಡಿ ಹಾಕಲಿ, ಮನುಷ್ಯರು ಓದಲಿ, ಇಷ್ಟಕ್ಕೆ ಇಷ್ಟೆಲ್ಲ ಏಕೆ ಎಂದು ಯಾರಾದರೂ ಕೇಳಬಹುದು. ನಾವೂ ಹಾಗೆಯೇ ಯೋಚಿಸಿದೆವು. ಅಳಿಸಿದ ಪುಟಗಳನ್ನು ಮೀಡಿಯಾವಿಕಿಯಲ್ಲಿ ಮರಳಿ ತರಬಹುದು. ಆ ಹತ್ತೊಂಬತ್ತು ಪುಟಗಳನ್ನು ತಂದೆವು. ಹಿರಿಯರ ಬಾಯಿಂದ ಕೇಳಿದ್ದನ್ನು ಹೇಳಿದವರ ಹೆಸರು, ಊರು, ತಾರೀಖಿನೊಡನೆ ಸೇರಿಸಬಹುದೆಂದು ನಿಯಮವನ್ನೂ ತಿದ್ದಿದೆವು. ಬಾಟ್ ಇರಲಿ ಎಂದಾಯಿತು. ಅದನ್ನು ತೆಗೆದರೆ ಮತ್ತೆ ಪರಿಚಯದ ರಾಜ್ಯವೇ. ಅದರ ಜೊತೆಗೆ ಓದುವ ಸರದಿ ಮಾಡಿದೆವು. ತಿಂಗಳಿಗೊಬ್ಬರು. ಪಟ್ಟಿಯಲ್ಲಿ ಹೊಸ ಕಲಮು: 'ಓದಿದೆ'. ಅದರಲ್ಲಿ ಗುರುತು ಹಾಕಬೇಕು.

ನಾಲ್ಕು ತಿಂಗಳು ಚೆನ್ನಾಗಿ ನಡೆಯಿತು. ಐದನೆಯದು ನನ್ನ ಸರದಿ. ತಿಂಗಳ ಕೊನೆಯ ದಿನ, ಮನೆಯಲ್ಲಿ ನೆಂಟರು, ಒಂಬತ್ತು ವರದಿ ಬಾಕಿ. ನಾನು ಮೊದಲ ಪ್ಯಾರಾ, ಕೊನೆಯ ಪ್ಯಾರಾ ಕಣ್ಣಾಡಿಸಿ ಒಂಬತ್ತಕ್ಕೂ ಗುರುತು ಹಾಕಿದೆ. ಹಾಕಿದ ಮೇಲೆ ಇತಿಹಾಸದಲ್ಲಿ ಸಮಯ ನೋಡಿಕೊಂಡೆ. ಒಂಬತ್ತು ವರದಿ, ಆರು ನಿಮಿಷ. ಯಾರಿಗೂ ತಿಳಿಯಲಿಲ್ಲ. ಬಾಟ್ ಮಾಡಿದ ಕೆಲಸವನ್ನೇ ನಾನೂ ಮಾಡಿದ್ದೆ, ಒಂದು ವ್ಯತ್ಯಾಸದೊಡನೆ: ಬಾಟ್ ಎಂದೂ ಓದಿದೆ ಎಂದು ಹೇಳಿರಲಿಲ್ಲ. ಮನುಷ್ಯನನ್ನು ಕೂರಿಸಿದ ಮಾತ್ರಕ್ಕೆ ಅಲ್ಲಿ ಮನುಷ್ಯತ್ವ ಕೂತಿದೆ ಎಂದು ತಿಳಿಯಬಾರದು. ಮರುದಿನ ಒಂಬತ್ತೂ ಗುರುತು ತೆಗೆದು, ಒಂದು ವಾರ ಕುಳಿತು ಓದಿದೆ.

ಈಚೆಗೆ ಇನ್ನೊಂದು ಮಾತು ಬಂದಿದೆ. ಬಾಟ್ ಬರೆದುಕೊಟ್ಟ ಹುಡುಗ ಈಗ ಎರಡು ಮಕ್ಕಳ ತಂದೆ. 'ಸಾರ್, ಈಗ ಯಂತ್ರವೇ ಓದುತ್ತದೆ, ಸಾರಾಂಶ ಬರೆಯುತ್ತದೆ, ಕನ್ನಡದಲ್ಲೇ. ಆವತ್ತು ಇದು ಇದ್ದಿದ್ದರೆ ಮೇಡಂ ಅವರ ಪ್ರಶ್ನೆಯನ್ನು ಅದೇ ರಾತ್ರಿ ಹಿಡಿದು ನಿಮ್ಮ ಫೋನಿಗೆ ಕಳಿಸುತ್ತಿತ್ತು' ಎನ್ನುತ್ತಾನೆ. 2022ರ ಕೊನೆಯಿಂದ ಈಚೆಗೆ ಬಂದ ಈ ಯಂತ್ರಗಳನ್ನು ನಾನೂ ನೋಡಿದ್ದೇನೆ. ಅವನ ಮಾತು ಸುಳ್ಳಲ್ಲ. ಆ ಪ್ರಶ್ನೆ ಹತ್ತು ತಿಂಗಳು ಬಿದ್ದಿರುತ್ತಿರಲಿಲ್ಲ. ಆ ಹುಡುಗಿ ಇನ್ನೂ ಊರಿನಲ್ಲಿದ್ದಾಗಲೇ ಉತ್ತರ ಹೋಗಬಹುದಿತ್ತು. ಇದನ್ನು ಒಪ್ಪದಿದ್ದರೆ ನಾನು ನನ್ನ ಹಳೆಯ ಕಾಲವನ್ನು ಸಮರ್ಥಿಸಲು ಅವಳ ನಷ್ಟವನ್ನು ಬಳಸಿಕೊಂಡಂತಾಗುತ್ತದೆ.

ಆದರೂ ಒಂದು ಮಾತು ಉಳಿಯುತ್ತದೆ. ಸಾರಾಂಶ ನನ್ನ ಫೋನಿಗೆ ಬಂದ ಮೇಲೆ ಏನು? ಅದನ್ನು ಓದಿದವನು ಹೊಣೆಗೆ ಸಿಕ್ಕಿಬೀಳುತ್ತಾನೆ. ಓದಿದೆ ಎಂದು ಹೇಳಿದ ಮೇಲೆ ಉತ್ತರಿಸದೆ ಇರುವ ಹಕ್ಕು ಹೋಗುತ್ತದೆ. ಪೋಸ್ಟ್‌ಮಾಸ್ಟರರ ಎರಡು ಸಾಲಿನ ಬೆಲೆ ಅದು. ಅವರು ಮಾಹಿತಿ ಹೆಕ್ಕುತ್ತಿರಲಿಲ್ಲ, ತಮ್ಮನ್ನು ತಾವು ಒಡ್ಡಿಕೊಳ್ಳುತ್ತಿದ್ದರು. ನೀವು ಬರೆದದ್ದು ನನಗೆ ತಲುಪಿದೆ, ಇನ್ನು ಕೇಳುವುದಿದ್ದರೆ ನನ್ನನ್ನು ಕೇಳಿ ಎಂದು. ಎಷ್ಟೇ ಚೆನ್ನಾಗಿ ಓದುವ ಯಂತ್ರವಾದರೂ ಇದನ್ನು ನಮ್ಮ ಪರವಾಗಿ ಹೇಳಲಾರದು. ಹೇಳಿದರೆ ಅದು ಆ ರಾತ್ರಿಯ ಕೊಂಡಿಯ ಹಾಗೆಯೇ, ಮುಖವಿಲ್ಲದ ಬೆರಳು. ಹುಡುಕುವುದು, ಜೋಡಿಸುವುದು, ನೆನಪಿಸುವುದು, ಇವನ್ನೆಲ್ಲ ಯಂತ್ರಕ್ಕೆ ಕೊಡೋಣ. ಅದು ನಮಗಿಂತ ನಿಷ್ಪಕ್ಷಪಾತಿ, ನಮಗಿಂತ ಮರೆವು ಕಡಿಮೆ. ಆದರೆ ಅದರಿಂದ ಉಳಿದ ಹೊತ್ತು ನಮಗೆ ಬಿಟ್ಟಿಯಾಗಿ ಸಿಕ್ಕಿದ್ದಲ್ಲ. ಓದುವುದಕ್ಕೆಂದು ಸಿಕ್ಕಿದ ಸಾಲ ಅದು. ನಾನು ಆ ಒಂದೂವರೆ ವರ್ಷ ಸಾಲವನ್ನು ಸಂಬಳವೆಂದು ತಿಳಿದು ಖರ್ಚು ಮಾಡಿದೆ.

ಈಗ ನಮ್ಮಲ್ಲಿ 'ಓದಿದೆ' ಎಂಬ ಕಲಮಿಲ್ಲ. ತಿಂಗಳಿಗೊಮ್ಮೆ ವಿಡಿಯೋ ಕರೆಯಲ್ಲಿ ಕೂಡುತ್ತೇವೆ, ಹತ್ತು ಹದಿನೈದು ಜನ. ಬಾಟ್ ಮಾಡಿದ ಪಟ್ಟಿಯಿಂದ ಚೀಟಿ ಎತ್ತಿದಂತೆ ಒಂದು ವರದಿಯನ್ನು ಆರಿಸುತ್ತೇವೆ. 'ಊರು ಯಾವುದು, ಬರೆದವರು ಯಾರು ನೋಡುವ ಹಾಗಿಲ್ಲ, ಚೀಟಿ ಬಂದದ್ದು' ಎಂಬುದು ನಿಯಮ. ಅದನ್ನು ಬರೆದವರನ್ನೂ ಕರೆದು, ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದುತ್ತೇವೆ. ಉಳಿದವನ್ನು ಹಂಚಿಕೊಂಡು ಓದಿ, ಓದಿದವರು ಹೆಸರು ಹಾಕಿ ಎರಡು ಸಾಲು ಬರೆಯುತ್ತಾರೆ. ಎಲ್ಲ ವರದಿಗೂ ಆಗುತ್ತದೆಂದು ಹೇಳಲಾರೆ. ಆಗದ್ದನ್ನು ಆಗಿದೆ ಎಂದು ತೋರಿಸುವುದನ್ನಂತೂ ಬಿಟ್ಟಿದ್ದೇವೆ. ಎರಡು ಸಾಲು ಬಾರದ ವರದಿಯ ಮುಂದೆ ಪಟ್ಟಿಯಲ್ಲಿ 'ಇನ್ನೂ ಓದಿಲ್ಲ' ಎಂದೇ ಇರುತ್ತದೆ. ಅದನ್ನು ಹಾಕುವುದೂ ಬಾಟ್‌ನದೇ ಕೆಲಸ. ಹಾಗೆ ಕಂಡರೆ ಜಗಳಾಡಬಹುದೆಂದು ಎಲ್ಲರಿಗೂ ತಿಳಿಸಿದ್ದೇವೆ.

ಪೋಸ್ಟ್‌ಮಾಸ್ಟರರು ಈಗ ಇಲ್ಲ. ಆ ಹುಡುಗಿ ಮತ್ತೆ ಬರೆಯಲಿಲ್ಲ. ಅವಳ ಪುಟ ಇದೆ, ಅಜ್ಜಿಯ ಹೆಸರಿನೊಡನೆ. ಕಳೆದ ತಿಂಗಳು ಚೀಟಿಯಲ್ಲಿ ಬಂದದ್ದು ಅದೇ ತಾಲ್ಲೂಕಿನ ಹೈಸ್ಕೂಲೊಂದರ ವರದಿ. ಓದುವ ಸರದಿ ನನ್ನದು. ಅಧ್ಯಾಪಕಿ ಕೇಳುತ್ತ ಕುಳಿತಿದ್ದರು. ಹಿಂದಿನಿಂದ ಕುಕ್ಕರಿನ ಸೀಟಿ ಕೇಳುತ್ತಿತ್ತು. ಯಾರೋ ಆಕಳಿಸಿದರು. 'ಮೂವತ್ತೆರಡು ವಿದ್ಯಾರ್ಥಿಗಳು ಭಾಗವಹಿಸಿದ್ದರು' ಎಂದು ಓದಿದೆ. ಕೂಡಲೇ ಯಾವುದೋ ಮೂಲೆಯಿಂದ ಒಬ್ಬ ಹುಡುಗನ ದನಿ ಬಂತು: 'ಇಲ್ರೀ ಸರ, ಇಪ್ಪತ್ತೊಂಬತ್ತು. ಮೂರು ಮಂದಿ ಊಟಕ್ಕಷ್ಟs ಬಂದಿದ್ರು.'

ನಾನು ತಿದ್ದಿ, ಪಕ್ಕದಲ್ಲಿ ಹೆಸರು ಹಾಕಿದೆ.